ಬಿಳಿ ಉಳಿದ ಅಂಚು

ಅಯ್ಯೋ, ಮಧ್ಯಕ್ಕೆ ಒತ್ತಬೇಡಿ ರೀ! ಕ್ಯಾನ್ವಾಸ್ ಕುಳಿ ಬೀಳುತ್ತೆ. ಮರದ ಪಟ್ಟಿ ಹಿಡ್ಕೊಳ್ಳಿ... ಹಾಂ, ಹಾಗೆ. ಆ ಬೆಡ್‌ಶೀಟ್ ಮಾತ್ರ ಸರಿಸಬೇಡಿ, ಬಣ್ಣ ಇನ್ನೂ ಹಸಿ ಇದೆ... ಯಾಕೆ ನಗ್ತೀರಿ? ಹಸಿ ಬಣ್ಣಕ್ಕೆ ಯಾರಾದ್ರೂ ಬೆಡ್‌ಶೀಟ್ ಹೊದಿಸ್ತಾರಾ ಅಂತಾನಾ? ಸರಿ ಮಾರಾಯ್ರೇ, ಒಣಗಿದೆ. ಪ್ರದರ್ಶನದಲ್ಲೇ ನೋಡಿ, ಅಲ್ಲೀವರೆಗೆ ತಡ್ಕೊಳ್ಳಿ.

ಎಷ್ಟು ವರ್ಷದಿಂದ ಚಿತ್ರ ಕಳಿಸ್ತಿದ್ದಾಳೆ ಈ ನಿಮ್ಮ ಹೆಂಡತಿ! ಪ್ರತಿ ಸಲ 'ಆಯ್ಕೆಯಾಗಿಲ್ಲ'. ಈ ಸಲ ತೀರ್ಪುಗಾರರು ಫೋಟೋ ನೋಡಿ ಆರಿಸಿದ್ದಾರೆ ರೀ! ಸಂಜೆ ಐದರೊಳಗೆ ಚಿತ್ರ ಮುಟ್ಟಿಸಬೇಕು. ಫೋಟೋಗೂ ಇದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ರೂ ವಾಪಸ್. ಇಲ್ಲಾಂದ್ರೆ ಬೆಳಗ್ಗೆ ಆ ಮುಖ ಅಳಿಸಿಬಿಡ್ತಿದ್ದೆ... ಯಾವ ಮುಖಾನಾ? ಯಾರದೋ ಬಿಡಿ, ದಾರಿಹೋಕರದು. ಹೂವಿನ ಚಿತ್ರ ಅಂದಿದ್ನಾ? ಹೂವೂ ಇದೆ. ಮೂಲೇಲಿ.

ಸ್ಕ್ರೂ ಕೊಡಿ. ತೂಗುಹಾಕೋ ತಂತಿ ತೀರಾ ಬಿಗಿಯಾಗಬಾರದು... ಇವತ್ತೇ ನಿಮಗೆ ರಜಾ ಸಿಕ್ಕಿದ್ದು ಒಳ್ಳೇದಾಯ್ತು. ಸಾಹೇಬರು ಏನೂ ಅನ್ನಲಿಲ್ವಾ? ...ಸುಮ್ನೆ ಕೇಳಿದೆ ಅಷ್ಟೆ. ಮುಖ ಯಾಕೆ ಹಾಗೆ ಮಾಡ್ತೀರಿ?

ಏನು? ಕೆಳಗಿನ ಅಂಚು ಬಿಳಿ ಉಳಿದಿದೆಯಾ? ಅಯ್ಯೋ ನನ್ನ ಕರ್ಮವೇ! ಚೌಕಟ್ಟು ಹಾಕದ ಚಿತ್ರಕ್ಕೆ ನಾಲ್ಕೂ ಪಕ್ಕ ಬಣ್ಣ ಇರಲೇಬೇಕು, ಇಲ್ಲಾಂದ್ರೆ ಬಾಗಿಲಲ್ಲೇ ವಾಪಸ್ ಕಳಿಸ್ತಾರೆ. ಇರಿ, ಒಳಗಿಂದ ಬೂದು ಬಣ್ಣ ತರ್ತೀನಿ. ಎತ್ತಿ ನೋಡಬೇಡಿ, ನನ್ನಾಣೆ!... ಎಲ್ಲಿ ಹಾಳಾಗಿ ಹೋಯ್ತೋ ಈ ಟ್ಯೂಬು... ಕೇಳಿಸ್ತಾ? ಸಿಕ್ತು, ಸಿಕ್ತು, ಬಂದೆ...

ರೀ. ಬೆಡ್‌ಶೀಟ್ ಯಾಕೆ ತೆಗೆದ್ರಿ?

ಅದು... ಬಸ್‌ಸ್ಟಾಪಿನ ಬೆಂಚು ಎಲ್ಲಾ ಕಡೆ ಇರುತ್ತೆ. ಆ ಥರ ಆಫೀಸ್ ಬ್ಯಾಗೂ ಯಾರ ಹತ್ರ ಬೇಕಾದ್ರೂ... ಆ ಮುಖದ ಮೇಲೆ ಯಾಕೆ ಬೆರಳಿಡ್ತೀರಿ? ಬೈಯಿರಿ!

ಹೌದು. ನೀವೇ. ಗೊತ್ತಿತ್ತು ರೀ ನನಗೆ. ತರಕಾರಿ ತರೋಕೆ ಹೋದಾಗ, ಆಫೀಸ್ ಹೊತ್ತಲ್ಲಿ, ಬಸ್‌ಸ್ಟಾಪಲ್ಲಿ ಕಂಡ್ರಿ. ಬಸ್ ಬಂತು, ಹೋಯ್ತು, ಇನ್ನೊಂದು ಬಂತು... ನೀವು ಏಳಲೇ ಇಲ್ಲ. ಕೆಲಸ ಹೋಗಿದೆ ಅಂತ ನೀವಾಗೇ ಹೇಳ್ತೀರಿ, ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ... ಕಾದೆ. ದಿನಾ ಡಬ್ಬಿ ಕಟ್ಟಿಕೊಟ್ಟು 'ಹುಷಾರಾಗಿ ಹೋಗ್ಬನ್ನಿ' ಅಂದೆ. ಬಾಯಿಬಿಟ್ಟು ಕೇಳೋಕೆ ಧೈರ್ಯ ಸಾಲಲಿಲ್ಲ, ಚಿತ್ರ ಬರೆದುಬಿಟ್ಟೆ. ನಾಲ್ಕು ಜನರ ಮುಂದೆ ನಿಮ್ಮ ಮರ್ಯಾದೆ ತೆಗೀಬೇಕು ಅಂತಲ್ಲ, ದೇವರಾಣೆ! ಆರಿಸ್ತಾರೆ ಅಂತ ಯಾರಿಗೆ ಗೊತ್ತಿತ್ತು?

ಬೇಡ ಅಂದ್ರೆ ಕೊಡಲ್ಲ. ಹಾಳಾಗಿ ಹೋಗ್ಲಿ ಪ್ರದರ್ಶನ, ಆರಿಸಿದ್ರಲ್ಲ, ಅಷ್ಟೇ ಸಾಕು ನನಗೆ... ಇಲ್ಲ, ಸಾಕಾಗಲ್ಲ, ಸುಳ್ಳು ಯಾಕೆ ಹೇಳ್ಲಿ? ಹೊಟ್ಟೆ ಉರಿಯುತ್ತೆ. ಆದ್ರೂ ಕೊಡಲ್ಲ.

ಅಳಬೇಡಿ ರೀ... ಬನ್ನಿ, ಇಲ್ಲಿ ಕೂತ್ಕೊಳ್ಳಿ. ಒಂದು ಮಾತು ಹೇಳಿ ನನಗೆ. ಮಧ್ಯಾಹ್ನ ಆ ಬೆಂಚಿಗೆ ನೇರ ಬಿಸಿಲು ಬಡಿಯುತ್ತಲ್ಲ... ಊಟ ಎಲ್ಲಿ ಮಾಡ್ತಿದ್ರಿ?