ರುದ್ರಪ್ಪನ ಕಾಂಪೌಂಡು

ಅಯ್ಯೋ, ಆ ರುದ್ರಪ್ಪನ ಮಾತು ಬಿಡಿ, ಅವನೊಬ್ಬ ಮನ್ಸನಾ? ಪೀಣ್ಯದಲ್ಲಿ ನಿಮ್ ತಾತ ಇದ್ರಲ್ಲ, ಅದೇ ಕಾರ್ಖಾನೇಲಿ ಇವನು ಸೂಪರ್‌ವೈಸರ್ರು. ಆವಾಗ ನಾಗಸಂದ್ರದ ಈ ಕಡೆ ಏನಿತ್ತು ಅಂತೀರಾ, ಬರೀ ರಾಗಿ ಹೊಲ. ನಾವೊಂದೈದಾರು ಸಂಸಾರ ಸೇರ್ಕೊಂಡು ಮನೆ ಕಟ್ಕೊಂಡ್ವಿ. ಕಟ್ಸಿದ್ದಲ್ಲ ಕಣ್ರೋ, ಕಟ್ಕೊಂಡಿದ್ದು! ಭಾನುವಾರ ಬಂತು ಅಂದ್ರೆ ಮುಯ್ಯಾಳು, ಈ ವಾರ ನಿಮ್ಮನೆ ಗೋಡೆಗೆ ನಾವು, ಮುಂದಿನ್ವಾರ ನಮ್ಮನೆಗೆ ನೀವು. ಮಣ್ಣು ತುಳಿದು ಗೋಡೆ, ಕಾರ್ಖಾನೆಗೆ ಮಿಷನ್ ಬಂದಿದ್ದ ಪೆಟ್ಟಿಗೆ ಒಡೆದು ಬಾಗ್ಲು. ಎದುರುಬದುರು ಮನೆ, ಮಧ್ಯ ಒಂದೇ ಅಂಗಳ. ಮಳೆ ನೀರು ಅಂಗಳದಿಂದ ಇಳಿದು ಸೀದಾ ಕೆರೆಗೆ. ಮಕ್ಕಳನ್ನ ಅಲ್ಲಿ ಬಿಟ್ಟು ಕೆಲ್ಸಕ್ಕೆ ಹೋದ್ರೆ ಯಾರೋ ಒಬ್ರು ಮುದ್ದೆ ಹಾಕಿರೋರು.

ಈ ಮಹರಾಯ ಬಂದ ನೋಡಿ, ತಗ್ಗಿನ ಕಡೆ ಸೈಟು ತಗೊಂಡ, ತಾರ್ಸಿ ಮನೆ ಕಟ್ಸಿ ನೀರಿನ ದಾರಿಗೇ ಅಡ್ಡ ಕಾಂಪೌಂಡ್ ಎತ್ತಿಸ್ದ. ನಿಮ್ ತಾತ, "ಸಾರ್, ನೀರಿಗೊಂಚೂರು ಜಾಗ ಬಿಡಿ" ಅಂದ್ರೆ, ಮೂಗು ಮೇಲೆತ್ಕೊಂಡು, "ನಿಮ್ ಕೊಚ್ಚೆ ನನ್ ಮನೆ ಮುಂದೆ ಹರೀಬೇಕೇನ್ರೀ?" ಕೊಚ್ಚೆಯಂತೆ! ನಾವೇ ಕೊಚ್ಚೆ ಅವನಿಗೆ. ಹೆಂಡ್ತಿ ಗಿರಿಜಾ, ಪಾಪ ಒಳ್ಳೇ ಹುಡುಗಿ, ತುಂಬಿದ ಬಸುರಿ, ನಮ್ ಜೊತೆ ಸೇರ್ಬಾರ್ದು ಅಂತ ಗೇಟಿಗೆ ಬೀಗ ಹಾಕ್ಕೊಂಡು ಡ್ಯೂಟಿಗೆ ಹೋಗೋನು, ಥೂ.

ಶ್ರಾವಣ... ಅಲ್ಲ, ಗೌರಿ ಹಬ್ಬ ಆಗಿತ್ತು. ಮಧ್ಯಾಹ್ನ ಹುಯ್ತು ನೋಡಿ ಮಳೆ, ಕಾಂಪೌಂಡಿಗೆ ನೀರು ನಿಂತು ಅಂಗಳ ತುಂಬ್ತು, ನಮ್ ಮಣ್ಣಿನ ಗೋಡೆ ನೆನೀತಾ ಐತೆ. ಅಷ್ಟೊತ್ತಿಗೆ ಆ ಕಡೆಯಿಂದ, "ಅಕ್ಕಾ, ನೋವು ತಡಿಯಕ್ಕಾಗ್ತಿಲ್ಲ, ಅಕ್ಕಾ!" ಹಾರೆ ತಗೊಂಡೆ. ಪಕ್ಕದ್ಮನೆ ಮುನಿಯಮ್ಮ, "ಲೇ, ಅವನು ಪೊಲೀಸ್ ಕರೀತಾನೆ ಕಣೇ!" ಅಂತಾನೇ ಅವಳೂ ಒನಕೆ ತಂದ್ಳು. ಆವಾಗ ಸಿಮೆಂಟ್ ಸಿಗ್ತಿತ್ತಾ? ಸಿಕ್ಕಿದ್ದೆಲ್ಲ ಅವನ ತಾರ್ಸಿಗೇ ಆಗೋಗಿತ್ತು. ಬರೀ ಮರಳಲ್ಲಿ ನಿಲ್ಸಿದ್ದ ಗೋಡೆ ಅದು, ಅವನ ಜಂಬದಂಗೇ. ಗುದ್ದಿದ್ವಿ, ದಬಕ್ ಅಂತ ಬಿತ್ತು. ನೀರು ಆ ಕಡೆ ಹೋಯ್ತು, ಗಿರಿಜಾನ ಎತ್ಕೊಂಡು ಈ ಕಡೆ ಬಂದ್ವಿ. ನಮ್ಮನೇಲೇ ಹೆರಿಗೆ, ಹೆಣ್ಮಗು.

ಸಾಯಂಕಾಲ ಬಂದ ದೊಡ್ಡ ಮನ್ಸ. ಹೆಂಡ್ತಿ ಎಲ್ಲಿ ಅಂದ್ನಾ? ಮಗು ಏನು ಅಂದ್ನಾ? "ಯಾವಳ್ರೀ ನನ್ ಗೋಡೆ ಒಡೆದೋಳು?" ಅಂದ! ನಾನು ಬಾಯಿ ತೆಗೆಯೋ ಮುಂಚೆ ಗಿರಿಜಾ ಮಲಗಿದ್ದಲ್ಲಿಂದಾನೇ, "ನಾನೇ ಒಡಿಸಿದ್ದು. ಮತ್ತೆ ಎತ್ತಿಸಿದ್ರೆ ನಾನೂ ಮಗೂನೂ ಇಲ್ಲೇ ಇರ್ತೀವಿ" ಅಂದ್ಳು. ಬಾಣಂತನ ಪೂರಾ ಇಲ್ಲೇ ಇದ್ಳು, ಅವನು ಉಳಿದ ಗೋಡೇನೂ ಬಾಯ್ಮುಚ್ಕೊಂಡು ಕೀಳಿಸ್ದ.

ಅಷ್ಟೇ ಕಣ್ರೋ. ಎಷ್ಟ್ ಅಂತಸ್ತಾದ್ರೂ ಕಟ್ಕೊಳ್ಳಿ, ಕೂಗಿದ್ರೆ ಪಕ್ಕದ್ಮನೆಯೋರು ಒಳಕ್ಕೆ ಬರೋ ಅಂಗಿರ್ಲಿ. ಏಳಿ, ಸಾರು ಆರೋಗ್ತದೆ.