ಕಿಂಗ್ಸ್‌ಬರಿಯ ಬಾಗಿಲಲ್ಲಿ ಇಟ್ಟ ಪರಸ್ಥಾನದ ಚೀಲ

ಹೆಸರು: ಗಿರಿಜಾದೇವಿ ಕೋಂ ಅಡಿವೆಪ್ಪ ಹಂಚಿನಾಳ
ವಯಸ್ಸು: 50 ವರ್ಷ
ಉದ್ಯೋಗ: ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ ಸಹಾಯಕಿ
ವಾಸ: ಫ್ಲಾಟ್ ನಂ. 6, ಲಾರ್ಚ್‌ಫೀಲ್ಡ್ ರಸ್ತೆ, ಕ್ವೀನ್ಸ್‌ಬರಿ, ಲಂಡನ್. ಸ್ವಂತ ಊರು ವಿಜಯಪುರ ಜಿಲ್ಲೆ, ಇಂಡಿ ತಾಲ್ಲೂಕು.

ಈ ಮೂಲಕ ತಿಳಿಸುವುದೇನೆಂದರೆ, ಇಂದು ಬೆಳಿಗ್ಗೆ ಕಿಂಗ್ಸ್‌ಬರಿಯ ಫ್ಲಾಟುಗಳ ಕಟ್ಟಡವೊಂದರ ಬಾಗಿಲಲ್ಲಿ ಸಿಕ್ಕ ಕೆಂಪು ಚೀಲ ನನ್ನದು. ಅದನ್ನು ಅಲ್ಲಿಟ್ಟವಳೂ ನಾನೇ. ನಾನು ಊರಿನ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದವಳು. ಇಂಗ್ಲಿಷ್ ಮಾತಾಡುತ್ತೇನೆ, ಆದರೆ ಸಹಿ ಹಾಕಿ ಕೊಡುವ ಮಾತು ನನ್ನ ಭಾಷೆಯಲ್ಲೇ ಇರಲಿ ಎಂದು ಕೇಳಿಕೊಂಡೆ. ದುಭಾಷಿ ಶ್ರೀವಿದ್ಯಾ ಅವರು ಪಕ್ಕದಲ್ಲಿ ಕುಳಿತಿದ್ದಾರೆ.

ನನ್ನ ಪತಿ ಅಡಿವೆಪ್ಪ, 56 ವರ್ಷ, ಹತ್ತೊಂಬತ್ತು ವರ್ಷಗಳಿಂದ ಲಂಡನ್ನಿನಲ್ಲಿ ಬಸ್ ಓಡಿಸುತ್ತಾರೆ. ಮಗಳು ಐಶ್ವರ್ಯಾ, 23 ವರ್ಷ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಕಳೆದ ಜನವರಿಯಲ್ಲಿ ನನ್ನ ಪತಿ, ಸಾಯುವುದರೊಳಗೆ ಒಮ್ಮೆಯಾದರೂ ಬಸ್ ಸ್ಟಾಪ್ ಇಲ್ಲದ ರಸ್ತೆಯಲ್ಲಿ ಗಾಡಿ ಓಡಿಸಬೇಕು ಎಂದು ಊಟಕ್ಕೆ ಕುಳಿತಾಗ ಹೇಳಿದರು. ಮಗಳು ನಾರ್ವೆ ಎಂದಳು. ಮಾತು ಅಲ್ಲಿಗೇ ನಿಂತಿತು. ಮರುದಿನ ನಾನು ಲೈಬ್ರರಿಗೆ ಹೋಗಿ ಆ ದೇಶದ ರಸ್ತೆ ನಕ್ಷೆ ತಂದೆ.

ಅಂದಿನಿಂದ ಆರು ತಿಂಗಳು, ಶಾಲೆಯ ಪಾತ್ರೆ ತೊಳೆದ ಮೇಲೆ ಸಿಗುವ 25 ನಿಮಿಷಗಳಲ್ಲಿ, ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಾನು ಪ್ರಯಾಣವನ್ನು ಬರೆದೆ. ಹದಿನಾರು ದಿನ, ಒಟ್ಟು 3,940 ಕಿ.ಮೀ. ಹಾರ್ವಿಚ್‌ನಿಂದ ಹಡಗು, ಹಾಲೆಂಡ್, ಜರ್ಮನಿ, ಡೆನ್ಮಾರ್ಕ್, ಅಲ್ಲಿಂದ ಮತ್ತೆ ಹಡಗಿನಲ್ಲಿ ಕ್ರಿಸ್ಟಿಯಾನ್‌ಸಾಂಡ್. ಎಲ್ಲೆಲ್ಲಿ ಸುರಂಗ, ಎಷ್ಟು ಉದ್ದ, ಯಾವ ದಡದಲ್ಲಿ ಎಷ್ಟು ಗಂಟೆಗೆ ದೋಣಿ, ಎಲ್ಲಿ ಒಲೆಯಿರುವ ಗುಡಿಸಲು, ಎಲ್ಲವೂ ಇದೆ. ಪತಿಗೆ ಬೆನ್ನುನೋವು ಇರುವುದರಿಂದ ಪರ್ವತದ ರಸ್ತೆಯಲ್ಲಿ ದಿನಕ್ಕೆ 250 ಕಿ.ಮೀ. ದಾಟದಂತೆ ನೋಡಿಕೊಂಡಿದ್ದೇನೆ. ಅಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುವುದರಿಂದ ಸಂಜೆಯ ದೀಪವನ್ನು ಗಡಿಯಾರ ನೋಡಿ ಏಳಕ್ಕೇ ಹಚ್ಚುವುದು ಎಂದೂ ಬರೆದಿದ್ದೇನೆ. ನಾನು ಹೇಳಿದ ಹಾಗೆ ಮಗಳು ಮೊಬೈಲಿನಲ್ಲಿ ಬುಕಿಂಗ್ ಮಾಡಿದಳು. ಹಾಗಾಗಿ ಎಲ್ಲವೂ ಮಗಳ ಯೋಜನೆ ಎಂದು ಪತಿ ತಿಳಿದರು, ಡಿಪೋದಲ್ಲೂ ಹಾಗೆಯೇ ಹೇಳಿಕೊಂಡು ತಿರುಗಿದರು. ನಾನು ತಿದ್ದಲಿಲ್ಲ.

ಹಡಗು ಸಿಕ್ಕಿದ್ದು ನಾಳೆ ಶನಿವಾರಕ್ಕೆ. ಹಾರ್ವಿಚ್ ಇರುವುದು ನಮಗೆ ಪೂರ್ವಕ್ಕೆ, ಶನಿವಾರ ಪೂರ್ವ ದಿಕ್ಕಿಗೆ ಹೊರಡಬಾರದು. ಪತಿಯ ರಜೆ ಬದಲಾಗುವುದಿಲ್ಲ, ಹಡಗೂ ಬದಲಾಗುವುದಿಲ್ಲ. ಇಂಥ ಸಂದರ್ಭಕ್ಕೆ ನಮ್ಮಲ್ಲಿ ಪರಸ್ಥಾನ ಎಂಬ ಪದ್ಧತಿ ಇದೆ. ಒಳ್ಳೆಯ ದಿನ ಒಳ್ಳೆಯ ಗಳಿಗೆಯಲ್ಲಿ, ಹೋಗುವವರ ಬಟ್ಟೆ ಮತ್ತು ಕಾಯಿಯನ್ನು ಚೀಲದಲ್ಲಿ ಹಾಕಿ, ಹೋಗುವ ದಿಕ್ಕಿನಲ್ಲಿರುವ ಬೇರೆ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಆಗಲೇ ಹೊರಟಂತೆ. ಆಮೇಲೆ ಯಾವ ದಿನವಾದರೂ ಹೋಗಬಹುದು, ದಾರಿಯಲ್ಲಿ ಚೀಲ ಎತ್ತಿಕೊಂಡರೆ ಆಯಿತು. ಆದರೆ ಚೀಲ ಮಾತ್ರ ಮನೆಗೆ ಹಿಂದಿರುಗಬಾರದು. ಇದನ್ನು ಹೇಳಿದಾಗ ಪತಿ ನಕ್ಕು, "ಅಂದ್ರ ನಾವು ಇಲ್ಲೇ ಟೀವಿ ನೋಡಕೋತ ಕುಂತಿರ್ತೀವಿ, ನಮ್ಮ ಅಂಗಿ ಮುಂದ ಹೋಗಿರ್ತದ ಅನ್ನು" ಎಂದರು.

ಇಂದು ಶುಕ್ರವಾರ ಬೆಳಿಗ್ಗೆ 7.40ರಿಂದ 8.10ರವರೆಗೆ ಗಳಿಗೆ ಚೆನ್ನಾಗಿತ್ತು. ನಮ್ಮ ಮನೆಯಿಂದ ಪೂರ್ವಕ್ಕೆ ಒಂದು ಮೈಲಿ ದೂರದ ಕಿಂಗ್ಸ್‌ಬರಿಯಲ್ಲಿ, ಕುಂದಾಪುರ ಕಡೆಯ ನನ್ನ ಗೆಳತಿ ಪ್ರಫುಲ್ಲಾ ಇದ್ದಾಳೆ. ಅವಳ ಮನೆಯಲ್ಲಿ ಚೀಲ ಇಡುವುದೆಂದು ಮಾತಾಗಿತ್ತು. ನಾನು 7.30ಕ್ಕೆ ನಡೆದು ಹೊರಟು 7.52ಕ್ಕೆ ತಲುಪಿದೆ. ಮೂರು ಸಲ ಬೆಲ್ ಒತ್ತಿದೆ, ನಾಲ್ಕು ಸಲ ಫೋನ್ ಮಾಡಿದೆ. ಉತ್ತರವಿಲ್ಲ. ಅಡುಗೆಯವನು ಬಾರದ್ದರಿಂದ ಅವಳು ತಾನು ನಡೆಸುವ ಹೋಟೆಲಿಗೆ ಓಡಿದ್ದಳೆಂದು ಆಮೇಲೆ ತಿಳಿಯಿತು. ಗಂಟೆ 8.06 ಆಯಿತು. ಚೀಲವನ್ನು ವಾಪಸು ಒಯ್ಯುವಂತಿರಲಿಲ್ಲ. ಕಟ್ಟಡದ ಮುಂಬಾಗಿಲ ಬದಿಯಲ್ಲಿ, ಕಸದ ಡಬ್ಬಿಗಳಿಂದ ಎರಡು ಮಾರು ದೂರದಲ್ಲಿ, ಮಡಿಯಾದ ಜಾಗ ನೋಡಿ ಇಟ್ಟೆ. ಕೈ ಮುಗಿದೆ. ಪ್ರಫುಲ್ಲಾಳಿಗೆ ಮೆಸೇಜ್ ಕಳಿಸಿ, ಹಿಂದಿರುಗಿ ನೋಡದೆ ಬಂದೆ. ಹೊರಟ ಮೇಲೆ ತಿರುಗಿ ನೋಡಬಾರದು. ಯಾರೂ ಇಲ್ಲದ ಚೀಲ ಈ ಊರಿನಲ್ಲಿ ಜನರಿಗೆ ಎಂಥ ಭಯ ಎಂಬುದು ಆ ಹೊತ್ತಿಗೆ ನನ್ನ ತಲೆಗೆ ಬರಲಿಲ್ಲ. ಅದು ನನ್ನ ತಪ್ಪು.

9.05ಕ್ಕೆ ಪ್ರಫುಲ್ಲಾ ಫೋನ್ ಮಾಡಿ, "ಗಿರಿಜಕ್ಕ, ಎಂತ ಮಾಡಿದ್ರಿ ಮಾರಾಯ್ರೆ! ನಮ್ಮ ಬಿಲ್ಡಿಂಗಿನವರನ್ನೆಲ್ಲ ಪೊಲೀಸ್ರು ರಸ್ತೆಗೆ ಇಳಿಸಿದ್ದಾರಂತೆ. ಯಾರ ಚೀಲ ಅಂತ ಗೊತ್ತಾಗ್ಲಿಲ್ಲ ಅಂದ್ರೆ ಒಡೆದು ಹಾಕ್ತಾರಂತೆ" ಎಂದು ತಿಳಿಸಿದಳು. ನಾನು ಚಪ್ಪಲಿ ಮೆಟ್ಟಿದೆ. ಪತಿ ಬಾಗಿಲಲ್ಲಿ ಅಡ್ಡ ನಿಂತು, "ಏನೈತಿ ಅದರಾಗ, ಒಂದ್ ಕಾಯಿ, ನಾಕ್ ರೊಟ್ಟಿ. ಹೋಗಿ ಸಿಕ್ಕೊಂಡ್ರ ನಾಳೆ ಹಡಗ ತಪ್ಪತೈತಿ. ಸುಮ್ಕ ಕುಂದ್ರು" ಎಂದರು. ನಾನು ಇಟ್ಟದ್ದನ್ನು ನಾನೇ ಹೇಳಬೇಕು, ಜನ ಬೀದಿಯಲ್ಲಿ ನಿಂತಿದ್ದಾರೆ ಎಂದೆ. ನೋಟ್‌ಬುಕ್ ಕೂಡ ಅದರಲ್ಲೇ ಇದೆ, ಅದರ ನಕಲು ಎಲ್ಲಿಯೂ ಇಲ್ಲ ಎಂಬುದನ್ನು ಹೇಳಲಿಲ್ಲ. ಪತಿ ಕಾರಿನ ಕೀಲಿ ತೆಗೆದುಕೊಂಡರು. ಮಗಳೂ ಬಂದಳು.

9.24ಕ್ಕೆ ನಾವು ಪೊಲೀಸರು ರಸ್ತೆಗೆ ಅಡ್ಡ ಕಟ್ಟಿದ್ದ ಪಟ್ಟಿಯ ಬಳಿ ತಲುಪಿದೆವು. ಆಚೆ ಬದಿಯ ಫುಟ್‌ಪಾತಿನಲ್ಲಿ ಸುಮಾರು ಮೂವತ್ತು ಜನ ನಿಂತಿದ್ದರು. ಒಬ್ಬರು ಮುದುಕರು ಮನೆಯ ಚಪ್ಪಲಿಯಲ್ಲಿದ್ದರು. ಒಬ್ಬ ತಾಯಿಯ ತೋಳಿನಲ್ಲಿ ಕೂಸು ಇತ್ತು. ಮಗಳು ನನ್ನ ಸೆರಗು ಹಿಡಿದು, "ಅವ್ವ, ಪ್ಲೀಸ್, ಡೋಂಟ್ ಸೇ ಎನಿಥಿಂಗ್, ಲೆಟ್ ಮಿ ಟಾಕ್" ಎಂದಳು. ನಾನು ಸೆರಗು ಬಿಡಿಸಿಕೊಂಡು, ಅಲ್ಲಿದ್ದ ಮಹಿಳಾ ಕಾನ್‌ಸ್ಟೇಬಲ್ ಅವರ ಮುಂದೆ ನಿಂತು, ಚೀಲ ನನ್ನದು ಎಂದೆ.

ಒಳಗೆ ಏನಿದೆ ಎಂದು ಕೇಳಿದರು. ಹೇಳಿದೆ: ಪತಿಯ ಅಂಗಿ, ನನ್ನ ಸೀರೆ, ಮಗಳ ದುಪಟ್ಟಾ, ಅರಿವೆಯಲ್ಲಿ ಸುತ್ತಿ ದಾರ ಕಟ್ಟಿದ ತೆಂಗಿನಕಾಯಿ, ಅಕ್ಕಿ, ಅರಿಶಿನದ ಕೊಂಬು, ವಿಭೂತಿ ಗಟ್ಟಿ, ಫಾಯಿಲ್‌ನಲ್ಲಿ ಸುತ್ತಿದ ನಲವತ್ತು ಒಣ ಕಟಕ ರೊಟ್ಟಿ, ನೋಟ್‌ಬುಕ್. ಪೊಲೀಸ್ ನಾಯಿಯನ್ನು ಕರೆತಂದು ಮೂಸಿ ನೋಡಿಸಿದರು. 10.20ಕ್ಕೆ ಚೀಲ ಬಿಚ್ಚಿದರು. ಒಂದೂ ಹೆಚ್ಚಿರಲಿಲ್ಲ, ಒಂದೂ ಕಡಿಮೆ ಇರಲಿಲ್ಲ. ಜನರನ್ನು ಮನೆಯೊಳಗೆ ಬಿಟ್ಟರು. ನಾನು ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಕ್ಷಮಿಸಿರಿ ಎಂದೆ. ಮನೆಯ ಚಪ್ಪಲಿಯ ಮುದುಕರು, ಹೆಂಡತಿ ಹೋದ ಮೇಲೆ ಇಷ್ಟು ಜನರ ಜೊತೆ ತಾವು ಮಾತಾಡಿದ್ದು ಇಂದೇ ಎಂದರು.

11.15ಕ್ಕೆ ನಮ್ಮನ್ನು ಈ ಠಾಣೆಗೆ ಕರೆತಂದರು. ಕಾನ್‌ಸ್ಟೇಬಲ್ ಅವರು ನೋಟ್‌ಬುಕ್ ಮುಂದಿಟ್ಟು, ಗೊತ್ತಿಲ್ಲದ ಲಿಪಿಯಲ್ಲಿ ಹಡಗಿನ ವೇಳೆ, ಸುರಂಗದ ಉದ್ದ ಯಾಕೆ ಇದೆ, ಇದು ಯಾರದು ಎಂದು ಕೇಳಿದರು. ಪತಿ ತಕ್ಷಣ, ಇದು ರಜೆಯ ಪ್ರವಾಸ, ಮಾಡಿದವಳು ಮಗಳು, ಹೆಂಡತಿಗೆ ಅಡುಗೆ ಬಿಟ್ಟು ಬೇರೆ ತಿಳಿಯದು ಎಂದು ಇಂಗ್ಲಿಷಿನಲ್ಲಿ ಹೇಳಿದರು. ನನ್ನನ್ನು ಉಳಿಸಲು ಹೇಳಿದರು, ಕೆಟ್ಟ ಮನಸ್ಸಿನಿಂದಲ್ಲ. ಮಗಳು, "ನೋ ಅಪ್ಪ. ಎವ್ರಿಥಿಂಗ್ ಈಸ್ ಅವ್ವನ ಪ್ಲ್ಯಾನ್. ಐ ಜಸ್ಟ್ ಪ್ರೆಸ್ಡ್ ದ ಬಟನ್ಸ್" ಎಂದಳು. ಕಾನ್‌ಸ್ಟೇಬಲ್ ಪುಸ್ತಕ ಮುಚ್ಚಿ, ತಾಳೆ ನೋಡಲು ಶ್ರೀವಿದ್ಯಾ ಅವರಿಗೆ ಕೊಟ್ಟು, ಹಾಗಾದರೆ ಏಳನೆಯ ದಿನ ಹೇಳಿ ಎಂದರು.

ನಾನು ಹೇಳಿದೆ. ಬರ್ಗೆನ್ ಬಿಡುವುದು ಬೆಳಿಗ್ಗೆ ಎಂಟಕ್ಕೆ, ಪೂಜೆ ಮುಗಿಸಿ. ಮಧ್ಯಾಹ್ನ ಫ್ಲೋಮ್, ರೊಟ್ಟಿ, ಶೇಂಗಾ ಚಟ್ನಿ, ಪತಿಗೆ ಅರ್ಧ ಗಂಟೆ ಅಡ್ಡಾಗಲು. ಮುಂದೆ ಲೆರ್ಡಾಲ್ ಸುರಂಗ, 24.5 ಕಿ.ಮೀ., ಒಳಗೆ ನೀಲಿ ಬೆಳಕಿನ ಮೂರು ಗುಹೆಗಳು, ನಡುವಿನದರಲ್ಲಿ ಗಾಡಿ ನಿಲ್ಲಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುವುದು. ಕೇಳಲಿಲ್ಲವಾದರೂ ಎಂಟು, ಒಂಬತ್ತು, ಹತ್ತನೆಯ ದಿನಗಳನ್ನೂ ಹೇಳಿದೆ. ಪತಿ ಬಾಗಿ ಆ ಪುಟಗಳನ್ನು ನೋಡಿದರು. ಆಮೇಲೆ, "ಇಷ್ಟೆಲ್ಲ ನೀನಾ ಬರದಿ? ನಮ್ಮ ಡಿಪೋದ ಸಾಹೇಬಗೂ ಹಿಂಗ ಬರ್ಯಾಕ ಬರಾಂಗಿಲ್ಲಲ್ಲ" ಎಂದರು. ಯಾರ ಯೋಜನೆ ಎಂದು ಬರೆಯುವಲ್ಲಿ ನನ್ನ ಹೆಸರೇ ಇರಲಿ ಎಂದು ನಾನು ಕೇಳಿಕೊಂಡೆ. ಬರೆದರು.

ಇದರಲ್ಲಿ ಅಪರಾಧವೇನೂ ಕಾಣುವುದಿಲ್ಲ, ಇನ್ನು ಮುಂದೆ ಹೀಗೆ ಎಲ್ಲಿಯೂ ಚೀಲ ಬಿಡಬಾರದು, ಈಗ ಮನೆಗೆ ಒಯ್ಯಬಹುದು ಎಂದು ಕಾನ್‌ಸ್ಟೇಬಲ್ ತಿಳಿಸಿದರು. ಮೊದಲೆರಡು ಮಾತಿಗೆ ಒಪ್ಪಿದೆ. ಮೂರನೆಯದಕ್ಕೆ ಆಗುವುದಿಲ್ಲ ಎಂದೆ. ನೋಟ್‌ಬುಕ್ ಸಹಿತ ಚೀಲ ಇಲ್ಲೇ ಇರಲಿ, ಈ ಠಾಣೆ ನಮ್ಮ ಮನೆಯಿಂದ ಪೂರ್ವಕ್ಕೇ ಇದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಶ್ರೀವಿದ್ಯಾ ಅವರು ಬಾಯಿ ತೆರೆಯುವಷ್ಟರಲ್ಲಿ ನನ್ನ ಪತಿಯೇ ಎದ್ದು ನಿಂತು, ಬೆಳಿಗ್ಗೆ ಐದಕ್ಕೆ ಬಂದು ಒಯ್ಯುತ್ತೇವೆ, ದಯವಿಟ್ಟು ಇಟ್ಟುಕೊಳ್ಳಿ, ನಾವು ಆಗಲೇ ಹೊರಟಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಚೀಲಕ್ಕೆ ಚೀಟಿ ಕಟ್ಟಿ ಕಪಾಟಿನಲ್ಲಿ ಇಟ್ಟಿದ್ದಾರೆ.

ಇಲ್ಲಿ ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಮಾಡಿದ್ದು, ಕಂಡದ್ದು ಬಿಟ್ಟು ಬೇರೇನೂ ಸೇರಿಸಿಲ್ಲ. ನಾನು ನಂಬಿದ ಶಿವನ ಸಾಕ್ಷಿಯಾಗಿ ಇದೆಲ್ಲ ನಿಜ.

ಸ್ಥಳ: ಪೊಲೀಸ್ ಠಾಣೆ, ವಾಯವ್ಯ ಲಂಡನ್
ದಿನಾಂಕ: 25 ಜುಲೈ 2025, ಶುಕ್ರವಾರ, ಮಧ್ಯಾಹ್ನ 1.40
ಸಹಿ: ಗಿರಿಜಾದೇವಿ ಅ. ಹಂಚಿನಾಳ