ಹದಿನೆಂಟು ಕಾಯಿ ಬಿಡಿಸುವಷ್ಟು ಹೊತ್ತು

ಹನ್ನೆರಡು ಜನ ಹೆಂಗಸರು ಅಂಗಳದಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಹನ್ನೆರಡು ಹೆಂಗಸರು ಒಂದೆಡೆ ಸೇರಿ ಮಾತಿಲ್ಲದೆ ಕೂತಿದ್ದರು ಎಂದರೆ ಈ ಸಭೆಯಲ್ಲಿ ಆ ಕಡೆ ಕೂತ ಗಂಡಸರು ನಗುತ್ತಿದ್ದಾರೆ. ನಗಬೇಡಿ. ಚಹದಂಗಡಿಯ ಮುಂದೆ ನೀವು ಮೂವರು ಸೇರಿದರೆ ಏನಾಗುತ್ತದೆ ಎಂದು ನಾವೂ ನೋಡಿದ್ದೇವೆ. ಆದರೆ ಮೆಣಸಿನಕಾಯಿಯ ಕೆಲಸವೇ ಹಾಗೆ. ಬಾಯಿ ತೆರೆದರೆ ಘಾಟು ಒಳಗೆ ಹೋಗುತ್ತದೆ. ಅದಕ್ಕೆ ಎಲ್ಲರೂ ಸೆರಗನ್ನು ಮೂಗಿನ ಮೇಲೆ ಕಟ್ಟಿಕೊಂಡು, ಕಾಯಿ ಎತ್ತು, ತೊಟ್ಟು ಮುರಿ, ಬುಟ್ಟಿಗೆ ಹಾಕು. ಕಾಯಿ ಎತ್ತು, ತೊಟ್ಟು ಮುರಿ, ಬುಟ್ಟಿಗೆ ಹಾಕು.

ಆ ಅಂಗಳ ಒಬ್ಬ ಸಾಹುಕಾರನದು. ಊರು ಯಾವುದು, ಹೆಸರೇನು ಎಂದು ಕೇಳಬೇಡಿ. ಹೇಳಿದರೆ ‘ಓ, ಅವರ ಮನೆಯ ಕತೆ’ ಎಂದುಕೊಂಡು ನೀವು ಆರಾಮಾಗಿ ಕೂತುಬಿಡುತ್ತೀರಿ.

ಈ ಸಾಹುಕಾರ ಮೆಣಸಿನಕಾಯಿ ವ್ಯಾಪಾರದಲ್ಲಿ ಬಹಳ ಜಾಣ. ಚೀಲ ಬಂದರೆ ಮೊಳಕೈವರೆಗೆ ಕೈ ತೂರಿಸಿ ತಳದಿಂದ ಒಂದು ಕಾಯಿ ತೆಗೆಯುತ್ತಿದ್ದ. ಅಲ್ಲಾಡಿಸಿ ಬೀಜದ ಸದ್ದು ಕೇಳುತ್ತಿದ್ದ. ಮುರಿದು ಮೂಸುತ್ತಿದ್ದ. ಆಮೇಲೆ ಒಂದು ಚೂರು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದ. ಮುಚ್ಚಿ ಏನು ಮಾಡುತ್ತಿದ್ದ? ಕಾಯುತ್ತಿದ್ದ. ಯಾಕೆಂದರೆ, ಕೆಲವು ಕಾಯಿ ನಾಲಿಗೆ ಮುಟ್ಟಿದ ಕೂಡಲೇ ಚುರ್ ಎನ್ನುತ್ತವೆ, ಅಲ್ಲಿಗೆ ಮುಗಿಯಿತು. ಕೆಲವು ಮೊದಲು ಏನೂ ಅನ್ನುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಿವಿಯಲ್ಲಿ ಹೊಗೆ ಬರುತ್ತದೆ. ಇನ್ನು ಕೆಲವಕ್ಕೆ ಖಾರವೇ ಇಲ್ಲ, ಬಣ್ಣ ಮಾತ್ರ. ಬಣ್ಣದ ಕಾಯಿಯನ್ನು ಕೈಯಲ್ಲಿ ಹಿಡಿದು ‘ಪಕ್ಕದ ಚೀಲದವನನ್ನು ನೋಡು, ಎಷ್ಟು ಖಾರ ಇದ್ದಾನೆ, ನಿನಗೇನು ಬಂದಿದೆ ರೋಗ’ ಎಂದು ಅವನು ಒಂದು ದಿನವೂ ಬೈದವನಲ್ಲ.

ಹಾಗೆ ಬೈಯಲು ಅವನಿಗೆ ಮನೆಯಲ್ಲಿ ಒಬ್ಬ ಮಗಳಿದ್ದಳು.

ಒಂಬತ್ತು ವರ್ಷದ ಹುಡುಗಿ. ಅವಳಿಗೊಬ್ಬ ಅಣ್ಣ. ಅಣ್ಣನಿಗೆ ಪ್ರಶ್ನೆ ಕೇಳಿದರೆ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ. ಅರ್ಧಕ್ಕರ್ಧ ತಪ್ಪು, ಆದರೆ ಆ ವೇಗ ನೋಡಿ ಎಲ್ಲರಿಗೂ ಸಂತೋಷ! ತಂಗಿಗೆ ಕೇಳಿದರೆ ಕೆಳಗೆ ನೋಡುತ್ತಾಳೆ. ಅವಳ ಶಾಲೆಯಲ್ಲಿ ಒಂದು ಪದ್ಧತಿ. ಪ್ರಶ್ನೆ ಕೇಳಿ ಮಾಸ್ತರರು ಬೆತ್ತದಿಂದ ಮೇಜು ಕುಟ್ಟಿ ಮೂರು ಎಣಿಸುವುದು. ಒಂದು, ಎರಡು, ಮೂರು, ಕೂತ್ಕೋ. ಆ ಹುಡುಗಿ ಮೂರು ವರ್ಷದಿಂದ ಕೂರುತ್ತಲೇ ಇದ್ದಳು.

ಆದರೆ ಉತ್ತರ ಎಲ್ಲಿ ಹೋಗುತ್ತಿತ್ತು? ಎಲ್ಲಿಯೂ ಹೋಗುತ್ತಿರಲಿಲ್ಲ. ಒಳಗೇ ಇರುತ್ತಿತ್ತು. ರಾತ್ರಿ ಎಲ್ಲರೂ ರೊಟ್ಟಿ ಮುರಿಯುತ್ತಿರುವಾಗ ಇದ್ದಕ್ಕಿದ್ದಂತೆ “ಐವತ್ತಾರು” ಎನ್ನುತ್ತಿದ್ದಳು.

“ಏನ್ ಐವತ್ತಾರು?”

“ಏಳೆಂಟ್ಲೆ.”

ಒಮ್ಮೆ ಸಂಬಂಧಿಕರ ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡಿದ್ದರು. ಎಲ್ಲರೂ ಅಳುತ್ತಿದ್ದಾರೆ. ಅತ್ತು ಅತ್ತು ಒಂದು ಕ್ಷಣ ಎಲ್ಲರೂ ಉಸಿರು ತೆಗೆದುಕೊಳ್ಳಲು ನಿಂತರು ನೋಡಿ, ಆಗ ಈ ಹುಡುಗಿ ಸ್ಪಷ್ಟವಾಗಿ ಹೇಳಿದಳು, “ತುಂಗಭದ್ರಾ.” ಬುಧವಾರದ ಪಾಠದ ಉತ್ತರ ಅದು. ಸರಿಯಾದ ಉತ್ತರವೇ. ಬಂದದ್ದು ಶುಕ್ರವಾರ, ಸತ್ತವರ ಮನೆಯಲ್ಲಿ.

ಸಾಹುಕಾರನಿಗೆ ನಾಚಿಕೆಯಾಯಿತು. ಚಿಕಿತ್ಸೆ ಶುರು ಮಾಡಿದ. ಬೆಳಿಗ್ಗೆ ನೆನೆಸಿದ ಬಾದಾಮಿ. ಹುಡುಗಿ ಜಾಣೆಯಾಗಲಿಲ್ಲ, ದುಂಡಗಾದಳು. ಬ್ರಾಹ್ಮಿ ಎಲೆಯ ರಸ. ತೋಳಿಗೆ ತಾಯತ. ಮನೆಪಾಠಕ್ಕೆ ಇಬ್ಬರು. ಒಬ್ಬರು ಬೈದು ಕಲಿಸುವವರು, ಇನ್ನೊಬ್ಬರು ಹೊಡೆದು ಕಲಿಸುವವರು. ಕಾದು ಕಲಿಸುವವರು ಮಾತ್ರ ಯಾರೂ ಸಿಗಲಿಲ್ಲ. ಯಾರೂ ಹುಡುಕಿರಲೂ ಇಲ್ಲ.

ಕೊನೆಗೆ ಒಂದು ತೀರ್ಮಾನವಾಯಿತು. ದೂರದ ಊರಿನಲ್ಲೊಂದು ಹಾಸ್ಟೆಲ್ ಶಾಲೆ ಇದೆ, ಅಲ್ಲಿ ಮೂರು ಎಣಿಸುವುದಿಲ್ಲ, ಎರಡೇ. ಅಲ್ಲಿಗೆ ಹಾಕಿದರೆ ಮಗಳು ಚುರುಕಾಗುತ್ತಾಳೆ. ಸೋಮವಾರ ಹೊರಡುವುದು. ಟ್ರಂಕು ಬಂತು. ತಾಯಿ ಒಂದೇ ಲಂಗವನ್ನು ಮೂರು ಸಲ ಮಡಚಿದಳು, ಮೂರು ಸಲ ಬಿಚ್ಚಿದಳು. ಹುಡುಗಿ ಟ್ರಂಕಿನ ಪಕ್ಕ ಕೂತು “ನಾ ಏನ್ ತಪ್ಪ್ ಮಾಡೇನಿ?” ಎಂದು ಕೇಳಿದಳು. ನೋಡಿ, ಆ ಒಂದು ಪ್ರಶ್ನೆಗೆ ಆ ಮನೆಯ ದೊಡ್ಡವರು ಯಾರೂ ಮೂರು ಎಣಿಸುವುದರೊಳಗೆ ಉತ್ತರ ಕೊಡಲಿಲ್ಲ.

ಶನಿವಾರ ಮಧ್ಯಾಹ್ನ ಹೆಡ್ಮಾಸ್ತರರು, ಹುಡುಗಿಯ ಕ್ಲಾಸಿಗೆ ಕಲಿಸುವವರೂ ಅವರೇ, ಶಾಲೆ ಬಿಡುವ ಪತ್ರ ಹಿಡಿದು ಮನೆಗೇ ಬಂದರು. ಅಂಗಳದಲ್ಲಿ ತೊಟ್ಟು ಬಿಡಿಸುವ ಕೆಲಸ ನಡೆದಿತ್ತು. ಮಾಸ್ತರರು ಕಟ್ಟೆಯ ಮೇಲೆ ಕೂತು, ಕೊನೆಯದೊಂದು ಸಲ ನೋಡೋಣವೆಂದು ಹುಡುಗಿಯನ್ನು ಕರೆದರು.

“ಹನ್ನೆರಡೊಂಬತ್ಲೆ ಎಷ್ಟವಾ?”

ಹುಡುಗಿ ಕೆಳಗೆ ನೋಡಿದಳು.

“ಒಂದು. ಎರಡು. ಮೂರು.” ಮಾಸ್ತರರು ಕೈ ಝಾಡಿಸಿದರು. “ನೋಡ್ರಿ ಸಾವ್ಕಾರ್ರ, ನಾ ಹೇಳಿದ್ದ ಸುಳ್ಳಲ್ಲ.”

“ಹೋಗ್ಲಿ ಬಿಡ್ರಿ. ಆಕಿ ಹಣೇಬರಾನ ಅಷ್ಟು,” ಎಂದ ಸಾಹುಕಾರ. ಅಷ್ಟರಲ್ಲಿ ಅವನಿಗೆ ವ್ಯಾಪಾರದ ಹುರುಪು ಬಂತು. “ನಿನ್ನಿ ಒಂದ್ ಹೊಸಾ ಮಾಲ್ ಬಂದೈತಿ ಸರ, ರುಚಿ ನೋಡ್ರಿ,” ಎಂದು ಚೀಲದ ತಳದಿಂದ ಒಂದು ಕಾಯಿ ತೆಗೆದುಕೊಟ್ಟ.

ಮಾಸ್ತರರು ತುದಿ ಕಚ್ಚಿದರು. “ಏ, ಇದರಾಗ ಏನೂ ಇಲ್ಲಲ್ರಿ. ಸಪ್ಪಂದೈತಿ.”

“ತಡೀರಿ ಸರ. ಗಡಿಬಿಡಿ ಮಾಡಬ್ಯಾಡ್ರಿ. ಇದು ತಡಾ ಮಾಡಿ ಏರೋ ಕಾಯಿ.”

“ಏನ್ ತಡೀಲಿ? ಹುಲ್ಲು ತಿಂದಂಗಾತು,” ಎಂದು ಮಾಸ್ತರರು ಇಡೀ ಕಾಯಿಯನ್ನು ಬಾಯಿಗೆ ಹಾಕಿಕೊಂಡು ಜಗಿದರು. ಜಾಣರು ನೋಡಿ! ಬೀಜ ಸಮೇತ ಜಗಿದರು.

ಮೊದಲು ಅವರ ಹುಬ್ಬು ಮೇಲೆ ಹೋಯಿತು. ಆಮೇಲೆ ಕಿವಿ ಕೆಂಪಾಯಿತು. ಆಮೇಲೆ ಹೆಡ್ಮಾಸ್ತರರು ಎದ್ದು, ಟೋಪಿ ತೆಗೆದು, ಅದರಿಂದ ನಾಲಿಗೆಗೆ ಗಾಳಿ ಹಾಕಿಕೊಳ್ಳತೊಡಗಿದರು. “ನೀರ... ಬೆಲ್ಲ... ಏನರ ಕೊಡ್ರೋ!” ಘಾಟಿನ ನಡುವೆಯೂ ಹನ್ನೆರಡು ಹೆಂಗಸರು ಸೆರಗಿನೊಳಗೇ ನಕ್ಕು, ನಕ್ಕು ಕೆಮ್ಮಿದರು. ನೀರು ತರಲು ಯಾರೂ ಏಳಲಿಲ್ಲ. ಆ ಹುಡುಗಿ ಒಳಗೆ ಹೋಗಿ ಒಂದು ತಂಬಿಗೆ ಮಜ್ಜಿಗೆ ತಂದು ಮಾಸ್ತರರ ಕೈಗಿತ್ತಳು. ಅವರು ಗಟಗಟ ಕುಡಿದು, ಉಸಿರು ಬಿಟ್ಟು, ಕಣ್ಣೊರೆಸಿಕೊಳ್ಳುವಾಗ ಮೆಲ್ಲಗೆ ಹೇಳಿದಳು.

“ನೂರಾ ಎಂಟ್ರಿ.”



ತೊಟ್ಟು ಬಿಡಿಸುವವರಲ್ಲಿ ಒಬ್ಬಳು ಮುದುಕಿ ಇದ್ದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳು ಮೂಗಿನ ಸೆರಗು ಕೆಳಗಿಳಿಸಿದಳು. “ಸಾವ್ಕಾರ್ರ, ಸಿಟ್ಟಾಗಬ್ಯಾಡ್ರಿ. ಕೇಳಿದಾಗಿಂದ ನಾ ಎಣಿಸೇನಿ. ಹದಿನೆಂಟು ಕಾಯಿ ಬಿಡಿಸೂದ್ರಾಗ ಕೂಸು ಉತ್ತರ ಹೇಳ್ತು. ಬೈದ್ರ ಮಾತ್ರ ಸಂಜಿ ಆಕ್ಕೈತಿ. ಆ ಕಾಯಿಗಿ ‘ತಡೀರಿ’ ಅಂದ್ರಲ್ಲಾ, ಇಕಿಗೆ ಯಾವತ್ತರ ಅಂದೀರೇನು?”

ಮಾಸ್ತರರಿಗೆ ನಾಲಿಗೆ ಉರಿಯುತ್ತಿದ್ದರೂ ಬಾಯಿ ಸುಮ್ಮನಿರಲಿಲ್ಲ. “ನನ್ನ ಕ್ಲಾಸಿನ್ಯಾಗ ಅರವತ್ತ ಹುಡುಗ್ರು ಅದಾರಬೇ. ಒಬ್ಬೊಬ್ಬರಿಗೆ ಇಷ್ಟ್ ಕಾದ್ರ ಪಿರಿಯಡ್ ಮುಗೀತೈತಿ.”

ಸಾಹುಕಾರ ತೆರೆದಿದ್ದ ಚೀಲದ ಬಾಯಿ ಕಟ್ಟಿದ. ಆಮೇಲೆ ಹೇಳಿದ, “ನನ್ನವು ಮುನ್ನೂರು ಚೀಲ ಅದಾವ್ರಿ ಸರ. ಒಂದೊಂದಕ್ಕೂ ಕೈ ಹಾಕ್ತೇನಿ. ಕಣ್ಣ್ ಮುಚ್ಚಿ ಕಾಯ್ತೇನಿ.” ಅಷ್ಟು ಹೇಳಿ ತಲೆ ತಗ್ಗಿಸಿದ. “ಮನ್ಯಾಗಿನ ಒಂದಕ್ಕ ಕಾಯ್ಲಿಲ್ಲ.”

ಹುಡುಗಿ ಹಾಸ್ಟೆಲಿಗೆ ಹೋಗಲಿಲ್ಲ. ಮಾಸ್ತರರೂ ಕೆಟ್ಟವರಲ್ಲ. ಒಂದು ಉಪಾಯ ಹುಡುಕಿದರು. ಅವಳಿಗೆ ಮೊದಲು ಪ್ರಶ್ನೆ ಕೇಳುವುದು, ಆಮೇಲೆ ಬೇರೆ ಮೂವರಿಗೆ ಕೇಳುವುದು, ತಿರುಗಿ ಇವಳ ಹತ್ತಿರ ಬರುವುದು. ಪಿರಿಯಡ್ ಏನೂ ಮುಗಿದುಹೋಗಲಿಲ್ಲ. ಮುಗಿದುಹೋದದ್ದು ಬೆತ್ತದ ಕೆಲಸ ಮಾತ್ರ. ಹಾಗೆ ಕಾಯತೊಡಗಿದ ಮೇಲೆ ಕೊನೆಯ ಬೆಂಚಿನಿಂದ ಇನ್ನೂ ನಾಲ್ಕು ಬಾಯಿ ತೆರೆದವಂತೆ. ಸಾಹುಕಾರನೂ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಯಿ ನೋಡಲು ಕಲಿಸಿದ. ಅಣ್ಣ “ಚಲೋ ಐತಿ” ಎಂದು ಹಾರಿಹೋದ ಚೀಲದ ತಳದಲ್ಲಿ ಅವಳು ಬೂಷ್ಟು ಹಿಡಿದ ಕಾಯಿ ಹುಡುಕಿದಳು. ಅಣ್ಣ ಕಡಿಮೆಯವನೇ? ಅಲ್ಲ. ಅವನಿಗೆ ಬೇಕಾದದ್ದು ಬೇರೆ, ಓಡಾಡುವ ಕೆಲಸ. ಅದನ್ನೂ ಆಮೇಲೇ ಕಂಡುಕೊಂಡರು.

ಈಗ ನೀವು ಕೇಳುತ್ತೀರಿ, ಹುಡುಗಿ ಶಾಲೆಗೆ ಮೊದಲನೆಯವಳಾಗಿ ಬಂದಳೇ? ಇಲ್ಲ. ಹದಿನೇಳನೆಯವಳು. ನೋಡಿ, ನಿಮ್ಮ ಮುಖ ಸಣ್ಣದಾಯಿತು! ಇಷ್ಟು ಹೊತ್ತು ಕತೆ ಕೇಳಿ ತಲೆದೂಗಿದಿರಿ, ಕೊನೆಗೆ ನೋಡಿದ್ದು ನಂಬರನ್ನೇ. ಸಾಹುಕಾರನನ್ನು ನೋಡಿ ನಕ್ಕಿರಲ್ಲ, ಅವನು ಎಲ್ಲಿ ಕೂತಿದ್ದಾನೆ ಈಗ? ಎರಡನೆಯ ಸಾಲಿನಲ್ಲೋ, ಕಂಬದ ಪಕ್ಕದಲ್ಲೋ?

ನಾವು ಪಲ್ಯಕ್ಕೆ ಬದನೆಕಾಯಿ ಆರಿಸುವಾಗ ಒಂದೊಂದನ್ನೂ ತಿರುಗಿಸಿ ನೋಡುತ್ತೇವೆ. ಸೀರೆ ಕೊಳ್ಳುವಾಗ ಅಂಗಡಿಯವನ ಪ್ರಾಣ ಹಿಂಡುತ್ತೇವೆ. ಮಗುವನ್ನು ನೋಡಲು ಮಾತ್ರ ಅಂಕಪಟ್ಟಿ ಸಾಕು. ಹಾಗೆ ಮಾಡಬೇಡಿ. ಈ ಸಂಜೆ ಮನೆಗೆ ಹೋಗಿ ಮಗುವಿಗೆ ಒಂದೇ ಒಂದು ಪ್ರಶ್ನೆ ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡಿರಿ. ಉತ್ತರವನ್ನು ನೀವೇ ಹೇಳಿಕೊಡಬೇಡಿ, ಅಣ್ಣನಿಂದ ಹೇಳಿಸಬೇಡಿ. ಪಕ್ಕದ ಮನೆಯ ಹುಡುಗನ ಹೆಸರನ್ನು ನಿಮ್ಮ ಅಡುಗೆಮನೆಯಲ್ಲಿ ಎತ್ತಬೇಡಿ. ಶಾಲೆಗೆ ಹೋದಾಗ ‘ಎಷ್ಟನೆಯ ನಂಬರು’ ಎಂದು ಮಾಸ್ತರರನ್ನು ಕೇಳುವ ಬದಲು ‘ನನ್ನ ಮಗುವಿಗೆ ಎಲ್ಲಿ ತಡೆಯಾಗುತ್ತದೆ, ನಾವಿಬ್ಬರೂ ಏನು ಮಾಡೋಣ’ ಎಂದು ಕೇಳಿ. ಮಗುವಿಗೆ ಮುಂದಿನ ಬೆಂಚು ಬೇಕೋ, ಓಡಾಡಲು ಜಾಗ ಬೇಕೋ, ಕೈಯಲ್ಲಿ ಹಿಡಿದು ಎಣಿಸಲು ಹುಣಸೆ ಬೀಜ ಬೇಕೋ, ನೀವು ಹೇಳದಿದ್ದರೆ ಅರವತ್ತು ಮಕ್ಕಳ ಮಾಸ್ತರರಿಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು ಇದೆ, ಅದು ಮನೆಗೆ ಹೋಗಿ ಮಾಡುವುದಲ್ಲ. ಅಂಕದ ಮಾತು ಬೇಡ, ನಂಬರಿನ ಮಾತು ಬೇಡ. ನಿಮ್ಮ ಮಗುವಿಗೆ ತಾನಾಗಿಯೇ ಚೆನ್ನಾಗಿ ಬರುವ ಒಂದು ಕೆಲಸ ಯಾವುದು, ಒಂದೇ ಒಂದು, ಎದ್ದು ನಿಂತು ಹೇಳಿ. ಮುಂದಿನ ಸಾಲಿನ ಅಕ್ಕಾ, ನೀವು ಹೇಳುತ್ತೀರಾ? ಕಂಬದ ಪಕ್ಕದ ಯಜಮಾನರೇ? ಆಗಲಿ, ಕೂತೇ ಹೇಳಿ.

ಯಾರಾದರೂ ಒಬ್ಬರು ಹೇಳಿ.